ಉರುಫ್

ಅರಸೀಕೆರೆ ತಾಲ್ಲೂಕು ಕಚೇರಿಯ ಎದುರು ಸಾಲಿನಲ್ಲಿ
ನೋಟರಿಗೂ ಎಳನೀರಿನ ಗಾಡಿಗೂ ನಡುವೆ ನನ್ನ ಅಂಗಡಿ.
ಬೋರ್ಡಿನಲ್ಲಿ ದಾಕ್ಷಾಯಿಣಿ ಜಾಬ್ ಟೈಪಿಂಗ್,
ಬಾಯಲ್ಲಿ ಎಲ್ಲರಿಗೂ ಟೈಪಕ್ಕ.

ಹಳೇ ಕಂಪ್ಯೂಟರು ಹೊಸ ವಿಂಡೋಸ್ ಹೊರಲಾರೆ ಎಂದು ಕೂತುಬಿಟ್ಟಾಗ
ಜೆರಾಕ್ಸ್ ರಿಪೇರಿಯ ತೌಸೀಫ
ಪುಕ್ಕಟೆ ಸಿಗುವ ಇನ್ನೊಂದನ್ನು ಹಾಕಿಕೊಟ್ಟ.
ಕರಿ ಪರದೆ. ಮಿಣುಕುವ ಒಂದು ಕಡ್ಡಿ. ಅಷ್ಟೇ.
"ಬೇಕಾದ್ದನ್ನ ಬರೆದು ಕೇಳ್ಬೇಕಕ್ಕ,
ಬೆರಳು ತೋರಿಸಿದರೆ ಕೊಡಲ್ಲ."
ಆಗಲಿ, ಕಚೇರಿಯಲ್ಲೂ ಅದೇ ತಾನೆ.

ಎಡಿಟರ್ ತೆರೆಯಲು ದಿನಕ್ಕೆ ನಲವತ್ತು ಸಲ
ಎಡಿಟರಿನ ಹೆಸರು, ಆಮೇಲೆ ಓರೆಗೆರೆ, ಮನೆ, ಓರೆಗೆರೆ, ಕಡತಗಳು,
ಓರೆಗೆರೆ, ಅಫಿಡವಿಟ್, ಓರೆಗೆರೆ, ಮಾದರಿ,
ಬಿನ್ನು ಕೋಂ ವಾಸ ಹೋಬಳಿ ಎಂದು
ಯಾರದೋ ಪೂರ್ತಿ ವಿಳಾಸ ಒಪ್ಪಿಸಿದ ಹಾಗೆ.
ಒಂದು ಗೆರೆ ತಪ್ಪಿದರೂ
ಅಂಥದ್ದು ಇಲ್ಲ ಎನ್ನುತ್ತದೆ, ಥೇಟ್ ಕೇಸ್ ವರ್ಕರ್.

"ಅಡ್ಡಹೆಸರು ಇಡೋಣ" ಎಂದ ತೌಸೀಫ.
ಇಷ್ಟುದ್ದಕ್ಕೆಲ್ಲ ಸೇರಿ ಒಂದೇ ಅಕ್ಷರ,
ಅಫಿಡವಿಟ್ಟಿನ ಮೊದಲನೆಯದು, ಇಂಗ್ಲಿಷಿನ ಏ.
ಒತ್ತಿದೆ. ಎಂಟರ್.
ಕರೆದದ್ದೇ ತಡ, ಮಾದರಿ ಎದುರಿಗೆ ಬಂದು ನಿಂತಿತು.

ಮಾರನೆ ಬೆಳಿಗ್ಗೆ ಶಟರ್ ಎತ್ತಿ ಏ ಎಂದರೆ
ಯಾರದು, ಗೊತ್ತಿಲ್ಲ.
"ಅದು ಬಾಯಿಮಾತಿನ ಕರಾರಕ್ಕ," ನಕ್ಕ,
"ಕಿಟಕಿ ಮುಚ್ಚಿದರೆ ಮುಗೀತು. ನೋಂದಣಿ ಆಗ್ಬೇಕು."
ಚುಕ್ಕಿಯ ಹಿಂದೆ ಅಡಗಿ ಕೂತ ಕಡತವೊಂದಿದೆಯಂತೆ,
ಪಟ್ಟಿ ಕೇಳಿದರೆ ಕಾಣಿಸಿಕೊಳ್ಳುವುದಿಲ್ಲ,
ಕರಿ ಪರದೆ ಕಣ್ಣುಬಿಟ್ಟಾಗಲೆಲ್ಲ ಓದಿಕೊಳ್ಳುವುದು ಅದನ್ನೇ.
ಅದರ ತಳಕ್ಕೆ ಒಂದು ಸಾಲು ಸೇರಿಸಿದೆವು.
ಸಮಚಿಹ್ನೆಯ ಆಚೀಚೆ ಜಾಗ ಬಿಡಬಾರದು,
ತೆರೆದ ಕೊಂಬು ಮುಚ್ಚದೆ ಬಿಡಬಾರದು.
ಇಪ್ಪತ್ತೆರಡು ವರ್ಷ ಕ್ರಯಪತ್ರ ಬರೆದವಳು ನಾನು,
ಒಂದು ಸೊನ್ನೆಗೆ ಎರಡು ಗುಂಟೆ ಹೋದದ್ದು ಕಂಡಿದ್ದೇನೆ.

ಆ ಗುರುವಾರ ಕಣಕಟ್ಟೆ ಕಡೆಯಿಂದ ಒಬ್ಬಾಕೆ.
ಪ್ಲಾಸ್ಟಿಕ್ ಕವರಿನಲ್ಲಿ ಮೂರು ಹೆಸರು.
ಆಧಾರಿನಲ್ಲಿ ಈರಮ್ಮ, ಪಹಣಿಯಲ್ಲಿ ವೀರಮ್ಮ,
ಬ್ಯಾಂಕ್ ಪುಸ್ತಕದಲ್ಲಿ, ದೇವರಿಗೇ ಗೊತ್ತು ಯಾಕೆ, ಹೀರಮ್ಮ.
ಮೂವರೂ ಒಬ್ಬಳೇ ಎಂದು ಪ್ರಮಾಣವಾಗಬೇಕು
ಛಾಪಾಕಾಗದದ ಮೇಲೆ, ಊಟದ ಹೊತ್ತಿನೊಳಗೆ.

ಏ ಒತ್ತಿದೆ. ಬಂತು.
ಈರಮ್ಮ ಉರುಫ್ ವೀರಮ್ಮ ಉರುಫ್
"ಮನೇಲಿ ಏನಂತ ಕರೀತಿದ್ರು? ಅದನ್ನೂ ಸೇರಿಸಿಬಿಡೋಣ."
ಎಲೆಅಡಿಕೆಯನ್ನು ಆ ದವಡೆಗೆ ಸರಿಸಿ ಯೋಚಿಸಿದಳು.
"ನಮ್ಮೆಜಮಾನ್ರಾ? ಏ ಅನ್ನೋರು."
"ಅದಲ್ಲಮ್ಮ, ಹೆಸರು."
"ಅದೇ ಕಣವ್ವ. ಏ ಅಂದ್ರೆ ನಾನು ಹೋಗ್ತಿದ್ದೆ.
ನಲವತ್ತೊಂದು ವರ್ಸ.
ಒಂದಿನನಾದ್ರೂ ತಪ್ಪಿ ಎಮ್ಮೆ ತಿರುಗಿ ನೋಡಿಲ್ಲ."
ನಕ್ಕಳು. ನಾನೂ ನಕ್ಕೆ.
ಹಿಂದೆ ಗೂಡ್ಸ್ ಗಾಡಿ ದಾಟುವಷ್ಟು ಹೊತ್ತೂ
ಆ ಖಾಲಿ ಜಾಗದಲ್ಲಿ ಕಡ್ಡಿ ಮಿಣುಕುತ್ತಿತ್ತು.

ಇಂಕ್ ಪ್ಯಾಡು ಚಾಚಿದರೆ ಬೇಡವೆಂದಳು,
ರಾತ್ರಿ ಶಾಲೆಯಲ್ಲಿ ಕಲಿತದ್ದಂತೆ.
ಪೆನ್ನು ಹಿಡಿದು ಕೇಳಿದಳು: "ಯಾವ್ದು ಬರೀಲಿ?"
ಆಧಾರಿನದು ಎಂದೆ, ಅಭ್ಯಾಸಬಲ.

ಸಂಜೆ ಕಡತ ತೆಗೆದು ಸಾಲು ಬದಲಾಯಿಸಿದೆ.
ಈಗ ಬನ್ನಿ ಎಂದು ಒತ್ತಬೇಕು, ಇಂಗ್ಲಿಷಿನ ಐದಕ್ಷರ.
"ಅಡ್ಡದಾರಿ ಅಂತ ಹಾಕ್ಕೊಂಡು ಸುತ್ತು ಹೊಡೀತೀರಲ್ಲಕ್ಕ,
ಎಡಿಟರಿನ ಹೆಸರೇ ನಾಲ್ಕಕ್ಷರ!"
ಹೊಡೀತೀನಿ, ನಿನಗೇನು ಕಷ್ಟ.

ಹಳೇ ಸಾಲು ಅಳಿಸಿಲ್ಲ. ಮುಂದೊಂದು ಹ್ಯಾಶ್ ಇಟ್ಟಿದ್ದೇನೆ,
ಓದದೆ ದಾಟಿಕೊಂಡು ಹೋಗುತ್ತದೆ ಮೆಷಿನು.
ಜನ ಮುಗಿಬಿದ್ದ ದಿನ ಅವಸರದಲ್ಲಿ
ಬೆರಳು ತಾನಾಗಿ ಏ ಎಂದುಬಿಡುತ್ತದೆ.
ಯಾರೂ ಎದ್ದು ಬರುವುದಿಲ್ಲ.